ಬಿರಡೆ ಮುಚ್ಚಿದ ಚೀಲಗಳು

ಎಸ್ಸೈಗೆ ವಾಸನೆ ತಿಳಿಯುತ್ತಿರಲಿಲ್ಲ.

ಮೂಗು ಇತ್ತು, ನೆಟ್ಟಗೇ ಇತ್ತು. ಎರಡು ವರ್ಷದ ಹಿಂದೆ ಬಂದ ಒಂದು ಜ್ವರ ಹೋಗುವಾಗ ಮೂಗಿನ ಕೆಲಸವನ್ನು ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಹೂವೂ ಒಂದೇ, ಮೋರಿಯೂ ಒಂದೇ. ಇದು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೂ ಸೊಸೆ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಅವರು ಒಮ್ಮೆ ಕಂಡಿದ್ದರು. ಠಾಣೆಯಲ್ಲಿ ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೆಂಗಸು ಎಂಬುದೇ ಅಲ್ಲಿ ಒಂದು ಕುಂದು. ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳುವ ಉಮೇದು ಅವಳಿಗಿರಲಿಲ್ಲ. ಉಳಿದವರು ಮೂಗು ಮುಚ್ಚಿದರೆ ತಾನೂ ಮುಚ್ಚುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬೂಸ್ಟಿನ ಮನೆಯ ಬಾಗಿಲಲ್ಲಿ ಎಲ್ಲರೂ ಮೂಗು ಮುಚ್ಚಿದ್ದರು. ಅವಳೂ ಕರವಸ್ತ್ರ ತೆಗೆದಳು.

ಬೂಸ್ಟಿನ ಮನೆ ರೈತರ ಸಂಘದ್ದು. ಬೇರೆ ಮನೆಗಳಲ್ಲಿ ಅನ್ನಕ್ಕೆ ಬೂಸ್ಟು ಬಂದರೆ ಚೆಲ್ಲುತ್ತಾರೆ, ಇಲ್ಲಿ ಬರಲಿ ಎಂದು ಕಾಯುತ್ತಿದ್ದರು. ನುಚ್ಚಕ್ಕಿ ನೆನೆಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಹತ್ತಿಯ ಬಿರಡೆ ಕೊಟ್ಟು, ಆಳೆತ್ತರದ ಪ್ರೆಷರ್ ಪಾತ್ರೆಯಲ್ಲಿ ಬೇಯಿಸುವುದು. ಆರಿದ ಮೇಲೆ ತಾಯಿ ಬೂಸ್ಟಿನ ನೀರು ಒಂದಿಷ್ಟು ಬಿಡುವುದು. ಕೆಲವು ದಿನಕ್ಕೆ ಅಕ್ಕಿಗೆ ಬಿಳಿ ಕೂದಲು ಹುಟ್ಟುತ್ತದೆ, ಆಮೇಲೆ ಅದು ಹಸಿರಾಗುತ್ತದೆ. ಆ ಹಸಿರು ಪುಡಿಯನ್ನು ಹೊಲದ ಮಣ್ಣಿಗೆ ಬೆರೆಸಿದರೆ, ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವಿನ ಮೈಗಂಟಿ, ಚರ್ಮ ಕೊರೆದು ಒಳಗಿಳಿದು, ಅದನ್ನು ಕೊಲ್ಲುತ್ತದೆ. ಮನುಷ್ಯರಿಗೂ ದನಕ್ಕೂ ಏನೂ ಆಗುವುದಿಲ್ಲ.

ಇದನ್ನು ಕಟ್ಟಿದವರು ಎಸ್ಸೈಯ ಮಾವ, ಗಂಡನ ತಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಡೀ ಊರಿಗೆ ಅವರು ಮೇಷ್ಟ್ರು.

ಬೆಳೆಸುವ ಕೋಣೆಯ ಕಪಾಟುಗಳಲ್ಲಿ ನಾನೂರ ಹನ್ನೆರಡು ಚೀಲಗಳಿದ್ದವು. ಪ್ರತಿಯೊಂದರಲ್ಲೂ ಕಂದು ಎಣ್ಣೆಯಂಥದು ಸುರಿದಿತ್ತು. ಹಸಿರು ಕರಗಿ ಕೆಸರಾಗಿತ್ತು. ಫ್ರಿಜ್ಜಿನಲ್ಲಿದ್ದ ತಾಯಿ ಬೂಸ್ಟಿನ ಒಂಬತ್ತು ನಳಿಕೆಗಳಿಗೂ ಅದೇ ಗತಿ. ನುಚ್ಚು ತೊಳೆಯುವ ಕೆಲಸದ ನುಚ್ಚಕ್ಕ ಬಾಗಿಲ ಹೊರಗೆ ಕೂತು ಅಳುತ್ತಿದ್ದಳು. ಅಲ್ಲೇ ಜೊತೆಗೆ ಕೆಲಸ ಮಾಡುವ ಅವಳ ತಂಗಿ ಅವಳ ಬೆನ್ನು ಸವರುತ್ತಿದ್ದಳು. ಇಬ್ಬರೂ ಪರ ಊರಿನ ಮದುವೆ ಮುಗಿಸಿ, ಮೊದಲ ಬಸ್ಸಿಗೆ ಇಳಿದು, ನೇರ ಇಲ್ಲಿಗೇ ಬಂದಿದ್ದರು. ಇನ್ನೂ ಮದುವೆಯ ಸೀರೆಯಲ್ಲೇ ಇದ್ದರು.

"ಏನು ಸುರಿದಿದ್ದಾರೆ?" ಎಂದಳು ಎಸ್ಸೈ.

"ಕೇಳ್ಬೇಕಾ ಮೇಡಂ? ಹುಳದ ಔಷಧಿ ಅಂಗಡಿನೇ ಎದ್ದು ಒಳಗೆ ಬಂದ ಹಾಗಿದೆ," ಎಂದ ದಫೇದಾರ.

"ಹೌದು," ಎಂದು ಅವಳು ಕರವಸ್ತ್ರ ಒತ್ತಿಕೊಂಡಳು.

ಹಿತ್ತಲಲ್ಲಿ ಕೀಟನಾಶಕದ ಖಾಲಿ ಡಬ್ಬಿ ಸಿಕ್ಕಿತು. ಹಿಂಬಾಗಿಲ ಚಿಲಕ ಅಲ್ಲಾಡಿಸಿದರೆ ಬೀಳುತ್ತಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಮಾವ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು.

"ನಿನ್ನೆ ಭಾನುವಾರ. ನಾನು ಈ ಕಡೆ ಬರಲೇ ಇಲ್ಲ," ಎಂದರು, ಯಾರೂ ಕೇಳುವ ಮೊದಲೇ.

"ನೀವು ಮನೆಗೆ ಹೋಗಿ ಮಾವ. ನಾನು ನೋಡ್ಕೋತೀನಿ."

ಅವಳು ಶನಿವಾರದಿಂದ ಬೇರೆ ಊರಿನ ಬಂದೋಬಸ್ತಿಗೆ ಹೋಗಿದ್ದವಳು, ಜೀಪಿನಿಂದ ಇಲ್ಲಿಗೇ ಇಳಿದಿದ್ದಳು. ಗಂಡ ರೈಲಿನ ಗಾರ್ಡು, ವಾರದಲ್ಲಿ ಎರಡು ದಿನ ಸಿಕ್ಕರೆ ಹೆಚ್ಚು. ಸರ್ಕಲ್ ಇನ್‌ಸ್ಪೆಕ್ಟರಿಗೆ ಫೋನು ಮಾಡಿದಾಗ, "ನಿಮ್ಮ ಮನೆಯದೇ ವಿಷಯ. ಬೇಗ ಮುಗಿಸಿ," ಎಂದಿದ್ದರು.

ಹಿತ್ತಲ ಬೀದಿಯ ಚಹಾ ಅಂಗಡಿಯವನು ತಾನಾಗಿಯೇ ಬಂದ. "ನಿನ್ನೆ ಸಂಜೆ ಹಿಂಬಾಗಿಲ ಹತ್ರ ಪಂಪು ನಿಂತಿದ್ದ ಮೇಡಂ. ಕಣ್ಣಾರೆ ನೋಡಿದೆ."

* * *

ಪಂಪು ಔಷಧಿ ಅಂಗಡಿಯಲ್ಲಿ ಸ್ಪ್ರೇ ಪಂಪುಗಳನ್ನು ರಿಪೇರಿ ಮಾಡುವವನು. ನಲವತ್ತು ದಾಟಿದ್ದ. ನಿಜವಾದ ಹೆಸರಿನಿಂದ ಅವನ ತಾಯಿಯೂ ಅವನನ್ನು ಕರೆಯುತ್ತಿರಲಿಲ್ಲ.

ಅಂಗಡಿಯ ಯಜಮಾನ ಗಲ್ಲಾ ಬಿಟ್ಟು ಏಳಲಿಲ್ಲ. "ಅವರ ಬೂಸ್ಟು ಹಾಳು ಮಾಡಿ ನನಗೇನಮ್ಮ ಆಗ್ಬೇಕು? ಹೋದ ವರ್ಷ ಅವರ ಪುಡಿ ಹಾಕಿದವರೆಲ್ಲ ಈ ಸಲ ನನ್ನ ಅಂಗಡಿ ಮುಂದೇನೇ ನಿಂತಿದ್ದಾರೆ."

"ಈ ಡಬ್ಬಿ ನಿಮ್ಮದು."

"ಅರ್ಧ ಊರಿಗೆ ಮಾರಿದೀನಿ. ನಿಮ್ಮ ಮಾವನೂ ಒಯ್ದಿದ್ರು, ಪ್ರಯೋಗಕ್ಕೆ ಅಂತ. ಅವರನ್ನೂ ಹಿಡೀತೀರಾ?"

ಅಂಗಡಿಯ ಮುಂದೆ ಸೇರಿದ್ದ ಜನ ನಕ್ಕರು. ಅವಳಿಗೆ ಸಿಟ್ಟು ಬಂತು. ಅವನ ಮಾತಿನಲ್ಲಿ ಇದ್ದದ್ದನ್ನು ಕೇಳುವ ಬದಲು ಅವಳು ಆ ನಗೆಯನ್ನು ಕೇಳಿದಳು.

ದಫೇದಾರ ಪಂಪುವನ್ನು ಬೀದಿಗೆ ಎಳೆದು, ಅಂಗಿಗೆ ಮೂಗು ಹಚ್ಚಿದ. "ಅದೇ ವಾಸನೆ ಮೇಡಂ."

"ಇಲ್ಲಿವರೆಗೂ ಬರ್ತಿದೆ," ಎಂದ ಗುಂಪಿನಲ್ಲಿ ಒಬ್ಬ.

ಎಲ್ಲರೂ ಅವಳನ್ನೇ ನೋಡಿದರು. ಅವಳು ಬಗ್ಗಿದಳು. ಅಂಗಿಯ ತೋಳಿಗೆ ಮುಖ ತಂದು ಉಸಿರೆಳೆದಳು. ಗಾಳಿ ಬಂತು, ಗಾಳಿಯಷ್ಟೇ.

"ಹೌದು. ಅದೇ," ಎಂದಳು.

"ನಿನ್ನೆ ಸಂಜೆ ಅಲ್ಲಿಗೆ ಯಾಕೆ ಹೋಗಿದ್ದೆ?" ಎಂದು ಪಂಪುವನ್ನು ಕೇಳಿದಳು.

ಪಂಪು ಯಜಮಾನನ ಕಡೆ ನೋಡಿದ. ಆಮೇಲೆ ರಸ್ತೆಯ ಆಚೆ ಬದಿಗೆ. ಮನೆಗೆ ಹೊರಟಿದ್ದ ಮೇಷ್ಟ್ರು ಅಲ್ಲಿ ನಿಂತುಬಿಟ್ಟಿದ್ದರು. ಪಂಪು ತುಸು ಹೊತ್ತು ಅವರನ್ನೇ ನೋಡಿದ. ಮೇಷ್ಟ್ರು ನೆಲ ನೋಡಿದರು.

"ಸುಮ್ನೆ ಹೋಗಿದ್ದೆ ಮೇಡಂ."

"ಸುಮ್ನೆ?" ದಫೇದಾರ ಕೈ ಬೀಸಿದ. ಪಂಪು ಅಂಗಡಿಯ ಕಬ್ಬಿಣದ ಮೆಟ್ಟಿಲಿಗೆ ಬಾಯಿ ಬಡಿದುಕೊಂಡು ಬಿದ್ದ. ಎದ್ದಾಗ ಗಲ್ಲದ ಮೇಲೆ ರಕ್ತ ಇಳಿಯುತ್ತಿತ್ತು. ಅಂಗೈಯಲ್ಲಿ ಏನನ್ನೋ ಉಗುಳಿಕೊಂಡು ಮುಷ್ಟಿ ಮುಚ್ಚಿದ.

ಬೇಡ ಅನ್ನುವುದಕ್ಕೆ ಎಸ್ಸೈಗೆ ಬೇಕಾದಷ್ಟು ಸಮಯವಿತ್ತು. ಅನ್ನಲಿಲ್ಲ.

* * *

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಳು. ಎಲ್ಲ ಕಿಟಕಿಗಳೂ ತೆರೆದಿದ್ದವು. ಅತ್ತೆ ಧೂಳಿನ ವೈರಿ. ಬೇಸಿಗೆಯಲ್ಲೂ ಬೀದಿಯ ಕಡೆಯ ಕಿಟಕಿಗೆ ಕೈ ಹಾಕಗೊಡದವರು.

"ಏನತ್ತೆ, ಇವತ್ತು ಧೂಳಿಗೆ ರಜೆಯಾ?"

"ಸೆಕೆ," ಎಂದರು ಅತ್ತೆ. ಹಿತ್ತಲ ತಂತಿಯಲ್ಲಿ ಮಾವನ ಒಂದು ಜೊತೆ ಬಟ್ಟೆ ಮಾತ್ರ ಒಣಗುತ್ತಿತ್ತು. ಅತ್ತೆ ಅದನ್ನು ತಂತಿಯಿಂದ ತೆಗೆದು, ಇನ್ನೊಮ್ಮೆ ಸೋಪು ಹಚ್ಚಿ ಕಲ್ಲಿಗೆ ಹಾಕಿದರು.

"ಒಗೆದದ್ದನ್ನೇ ಒಗೀತಿದೀರಲ್ಲ."

"ಕೊಳೆ ಹೋಗಿಲ್ಲ. ನೀನು ಉಣ್ಣು."

ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಹಿಡಿದ್ರಾ?" ಎಂದರು, ಹೊರಳದೆ.

"ಪಂಪುನ ಹಿಡಿದಿದೀವಿ. ನಾಳೆ ಬೆಳಿಗ್ಗೆ ಜಡ್ಜ್ ಮುಂದೆ ನಿಲ್ಲಿಸ್ತೀವಿ. ಅಲ್ಲಿಂದ ಜೈಲು."

ಮಾವ, "ಅವನೇನೂ ಕೆಟ್ಟವನಲ್ಲ," ಎಂದರು. ಮೇಷ್ಟ್ರ ಮನಸ್ಸು ದೊಡ್ಡದು ಅಂದುಕೊಂಡು ಅವಳು ಕೈ ತೊಳೆದಳು.

* * *

ಪಂಪುವಿನ ತಾಯಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಒಳಗೆ ಹೋಗುವವರಿಗೆಲ್ಲ ಸೆರಗು ಸರಿಸಿ ದಾರಿ ಬಿಡುತ್ತಿದ್ದಳು. ಅವಳನ್ನು ದಾಟಲಾಗದೆ ಎಸ್ಸೈ ಜೀಪನ್ನು ಮತ್ತೆ ಬೂಸ್ಟಿನ ಮನೆಗೆ ತಿರುಗಿಸಿದಳು.

ನುಚ್ಚಕ್ಕ ಸೀರೆ ಬದಲಿಸಿ ಬಂದಿದ್ದಳು. ಚೀಲಗಳನ್ನು ಮುಟ್ಟಬಾರದೆಂದು ಹೇಳಿದ್ದರಿಂದ ನೆಲ ಗುಡಿಸುತ್ತಿದ್ದಳು.

"ಎಷ್ಟು ಬಿರಡೆ ಸಿಕ್ಕಿತು ನೆಲದ ಮೇಲೆ?" ಎಂದಳು ಎಸ್ಸೈ. ಸುಮ್ಮನೆ ಕೇಳಿದ್ದು.

"ಒಂದೂ ಇಲ್ಲ. ಎಲ್ಲ ಚೀಲದ ಬಾಯಲ್ಲೇ ಇದಾವಲ್ಲ."

ಎಸ್ಸೈ ಕಪಾಟಿನ ಹತ್ತಿರ ಹೋದಳು. ಬೆಳಿಗ್ಗೆಯೂ ನೋಡಿದ್ದಳು, ಆಗ ನೋಡಿದ್ದು ತಲೆಗೆ ಇಳಿದಿರಲಿಲ್ಲ. ನಾನೂರ ಹನ್ನೆರಡು ಚೀಲ. ಎಲ್ಲದರ ಬಾಯಲ್ಲೂ ಹತ್ತಿ ಗಟ್ಟಿಯಾಗಿ ಕೂತಿತ್ತು.

"ಬಿರಡೆ ತೆಗೆದಾಗ ನೀವು ಅದನ್ನ ಎಲ್ಲಿಡ್ತೀರಿ?"

"ಎಲ್ಲೂ ಇಡೋ ಹಾಗಿಲ್ಲ." ನುಚ್ಚಕ್ಕ ಬಲಗೈಯ ಕಿರುಬೆರಳನ್ನು ಅಂಗೈಗೆ ಮಡಚಿ ತೋರಿಸಿದಳು. "ಇಲ್ಲಿ ಹಿಡ್ಕೋಬೇಕು. ಕೆಲಸ ಆದ ತಕ್ಷಣ ವಾಪಸು ಹಾಕ್ಬೇಕು. ಕೆಳಗಿಟ್ಟರೆ ಬೇರೆ ಬೂಸ್ಟು ಹತ್ತುತ್ತೆ. ಶುರುವಿನಲ್ಲಿ ನಾನು ಮೇಜಿನ ಮೇಲಿಟ್ಟು ಮೇಷ್ಟ್ರ ಹತ್ರ ಬೈಸ್ಕೊಂಡಿದ್ದೆಷ್ಟೋ. ಈಗ ಮನೇಲಿ ಎಣ್ಣೆ ಸೀಸೆ ಮುಚ್ಚಳಾನೂ ಹೀಗೇ ಹಿಡೀತೀನಿ. ನನ್ನ ಗಂಡ ನಗ್ತಾನೆ."

ಎಸ್ಸೈ ನಗಲಿಲ್ಲ. ಹೊಟ್ಟೆಕಿಚ್ಚಿನವನು ಬಂದಿದ್ದರೆ ಬ್ಲೇಡಿನಿಂದ ಚೀಲ ಸೀಳುತ್ತಿದ್ದ. ಇವನು ನಾನೂರು ಬಿರಡೆ ತೆಗೆದಿದ್ದಾನೆ, ವಿಷ ಸುರಿದಿದ್ದಾನೆ, ನಾನೂರು ಬಿರಡೆ ಮತ್ತೆ ಹಾಕಿದ್ದಾನೆ. ಒಳಗಿದ್ದದ್ದನ್ನು ಕೊಂದ ಮೇಲೆ ಅದಕ್ಕೆ ಕೊಳೆ ತಾಗದಂತೆ ಕಾಯುವುದು ಯಾಕೆ? ಮನಸ್ಸು ಹೇಳಿದ್ದಲ್ಲ ಅದು. ಕೈ ತಾನಾಗಿ ಮಾಡಿದ್ದು. ಆ ಅಭ್ಯಾಸವಿದ್ದ ಕೈಗಳು ಊರಿನಲ್ಲಿ ಮೂರು ಜನರವು. ಇಬ್ಬರು ಮದುವೆಯಲ್ಲಿದ್ದರು.

ಅವಳು ಮೂರನೆಯವರ ಲೆಕ್ಕಕ್ಕೆ ಹೋಗಲಿಲ್ಲ. ಬೇಕೆಂದೇ ಹೋಗಲಿಲ್ಲ. ತೊಟ್ಟಿಯ ಕೆಳಗೆ ಬಟ್ಟೆ ಮುಚ್ಚಿದ್ದ ಎರಡು ಗಾಜಿನ ಜಾಡಿ ಕಂಡವು.

"ಇವೇನು?"

"ಮೇಷ್ಟ್ರ ಪರೀಕ್ಷೆ. ನಾವು ಮುಟ್ಟಲ್ಲ. ಒಂದರ ಮಣ್ಣಿಗೆ ನಮ್ಮ ಪುಡಿ, ಇನ್ನೊಂದಕ್ಕೆ ಬರೀ ಮಣ್ಣು. ಎರಡಕ್ಕೂ ಗೊಣ್ಣೆಹುಳು ಬಿಡ್ತಾರೆ. ಪುಡಿ ಹಾಕಿದ್ದರಲ್ಲಿ ಸತ್ತು ಹಸಿರಾಗ್ಬೇಕು."

ಎಸ್ಸೈ ಎರಡನ್ನೂ ಕಾಗದದ ಮೇಲೆ ಸುರಿದಳು. ಒಂದು ಜಾಡಿಯ ಮಣ್ಣಿನಲ್ಲಿ ಹಸಿರು ಪುಡಿ ಕಾಣುತ್ತಿತ್ತು. ಅದರ ಹುಳುಗಳೂ ಬರೀ ಮಣ್ಣಿನ ಜಾಡಿಯ ಹುಳುಗಳಷ್ಟೇ ದಪ್ಪಗೆ, ಬೆಳ್ಳಗೆ ಹೊರಳಿದವು. ಒಂದು ಅವಳ ಬೂಟಿನ ಕಡೆ ತೆವಳಿತು.

ನುಚ್ಚಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ, ಈ ವಾರ ಕೃಷಿ ಇಲಾಖೆ ಲ್ಯಾಬಿನವರು ನಮ್ಮ ಪುಡಿ ಪರೀಕ್ಷೆಗೆ ಮಾದರಿ ತಗೊಂಡು ಹೋಗೋಕೆ ಬರ್ತಿದ್ರು."

* * *

ಲಾಕಪ್ಪಿನಲ್ಲಿ ಪಂಪು ಗೋಡೆಗೆ ಒರಗಿದ್ದ. ತುಟಿ ಊದಿತ್ತು.

"ನಿನ್ನ ಯಜಮಾನರು ಇಲ್ಲಿಲ್ಲ. ನಾನೊಬ್ಬಳೇ ಇದೀನಿ," ಎಂದಳು ಎಸ್ಸೈ. "ಯಾಕೆ ಹೋಗಿದ್ದೆ?"

"ಕೆಲಸ ಕೇಳೋಕೆ ಮೇಡಂ. ಔಷಧಿ ಮುಟ್ಟಿ ಮುಟ್ಟಿ ಕೈ ನಡುಗುತ್ತೆ. ಬೂಸ್ಟಿನ ಮನೇಲಿ ಮೈಗೇನೂ ಆಗಲ್ಲವಂತೆ. ಯಜಮಾನ್ರಿಗೆ ಗೊತ್ತಾದ್ರೆ ಅವತ್ತೇ ಓಡಿಸ್ತಿದ್ರು. ಅದಕ್ಕೇ ಹಿಂಬಾಗಿಲಿಗೆ ಹೋದೆ."

"ಯಾರ ಹತ್ರ ಕೇಳಿದೆ?"

"ಮೇಷ್ಟ್ರ ಹತ್ರ. ಒಳಗಿದ್ರು. ಬಾಗಿಲು ತೆಗೀಲಿಲ್ಲ. 'ಈಗ ಬೇಡಪ್ಪ, ನಾಳೆ ಬಾ' ಅಂದ್ರು."

"ಬೆಳಿಗ್ಗೆ ಇದನ್ನ ಯಾಕೆ ಹೇಳಲಿಲ್ಲ?"

ಪಂಪು ಅವಳನ್ನು ನೋಡಿದ. ಪ್ರಶ್ನೆಯೇ ಅರ್ಥವಾಗದವನ ಹಾಗೆ.

"ಎದುರಿಗೇ ನಿಂತಿದ್ರಲ್ಲ ಮೇಡಂ. ಅವರೇ ಹೇಳ್ತಾರೆ ಅಂತ ಕಾದೆ."

* * *

ಸಂಜೆಯ ಬೆಳಕಿನಲ್ಲೇ ಅವಳು ದಫೇದಾರನನ್ನು ಕರೆದುಕೊಂಡು ಮನೆಗೆ ಹೋದಳು. ಹೊಸ್ತಿಲಲ್ಲಿ ಅವನು ನಿಂತುಬಿಟ್ಟ.

"ಏನು?"

"ಏನಿಲ್ಲ ಮೇಡಂ."

"ಹೇಳಿ ದಫೇದಾರರೇ. ನನಗೆ ವಾಸನೆ ಗೊತ್ತಾಗಲ್ಲ. ಎರಡು ವರ್ಷ ಆಯ್ತು."

ದಫೇದಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಮತ್ತೆ ಬೆಳಿಗ್ಗೆ ಅವನ ಅಂಗಿ?"

"ಸುಳ್ಳು ಹೇಳಿದೆ."

ಅವನು ಮೆಲ್ಲಗೆ, "ಅಂಗಿ ಯಾವತ್ತೂ ನಾರುತ್ತೆ ಮೇಡಂ. ಅವನ ಕೆಲಸವೇ ಅದು. ನನಗೆ ಗೊತ್ತಿತ್ತು. ನೀವೂ ಹೌದು ಅಂದ್ರಲ್ಲ, ಸುಮ್ಮನಾದೆ," ಎಂದ.

"ಇಲ್ಲಿ ವಾಸನೆ ಎಲ್ಲಿಂದ ಬರ್ತಿದೆ, ತೋರಿಸಿ."

ಅವನು ನಡುಮನೆ ದಾಟಿ, ಬಚ್ಚಲ ಬಾಗಿಲಲ್ಲಿ ನಿಂತು, ತಲೆಯಾಡಿಸಿ ವಾಪಸು ಬಂದ. ಪಡಸಾಲೆಯ ಮೂಲೆಯಲ್ಲಿ ಬಗ್ಗಿದ. ಮಾವನ ಚರ್ಮದ ಚಪ್ಪಲಿ ಎತ್ತಿ ಹಿಡಿದ. ಅಟ್ಟೆಯ ಮೇಲೆ ಕಂದು ಕಲೆ ಕೂತಿತ್ತು. ಬಟ್ಟೆ ಒಗೆದಿದ್ದರು. ಚಪ್ಪಲಿಯ ನೆನಪು ಯಾರಿಗೂ ಬಂದಿರಲಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದರು.

"ನಿಮಗೆ ಗೊತ್ತಿತ್ತು," ಎಂದಳು ಎಸ್ಸೈ.

"ಭಾನುವಾರ ಸಂಜೆ ಬಂದಾಗಲೇ ಗೊತ್ತಾಯ್ತು. ಕೇಳಲಿಲ್ಲ." ಅತ್ತೆ ಸೆರಗಿನ ಅಂಚು ಹಿಂಡಿದರು. "ನಿನಗೆ ವಾಸನೆ ಬರಲ್ಲವಲ್ಲ ಅಂತ ಧೈರ್ಯ ಇತ್ತು. ನಿನ್ನ ಕಾಯಿಲೆಯಿಂದಲೂ ಒಂದು ಉಪಕಾರ ಆಯ್ತು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಮಧ್ಯಾಹ್ನ ನಿನಗೆ ಬಡಿಸುವಾಗ ನಿನ್ನ ಮುಖ ನೋಡೋಕಾಗಲಿಲ್ಲ."

ಮಾವ ಎದ್ದು ಕೂತಿದ್ದರು. ಚಪ್ಪಲಿ ನೋಡಿದರು. ಅಲ್ಲಗಳೆಯಲಿಲ್ಲ.

"ಹೇಗೆ ಗೊತ್ತಾಯ್ತಮ್ಮ?"

"ಬಿರಡೆ ಮಾವ. ಒಂದೂ ಕೆಳಗೆ ಬಿದ್ದಿರಲಿಲ್ಲ."

ಮಾವ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ನಾನು ವಾಪಸು ಹಾಕಿದ್ನಾ? ಎಲ್ಲಕ್ಕೂ?"

"ಎಲ್ಲಕ್ಕೂ. ಇಡೀ ಭಾನುವಾರ ಬೇಕಾಗಿರ್ಬೇಕು. ಪಂಪು ಬಂದಾಗ ನೀವು ಒಳಗಿದ್ರಿ. ಇವತ್ತು ಬೆಳಿಗ್ಗೆ ಬರಲೇ ಇಲ್ಲ ಅಂದ್ರಿ. ಡಬ್ಬಿ ನೀವೇ ಪ್ರಯೋಗಕ್ಕೆ ಅಂತ ತಂದಿದ್ದು, ಅಂಗಡಿ ಯಜಮಾನರು ಎಲ್ಲರೆದುರೇ ಹೇಳಿದ್ರು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಹೋದ ವರ್ಷ ಪುಡಿ ಹಾಕಿದವರು ಈಗ ಅವರ ಅಂಗಡಿಗೆ ಹೋಗ್ತಿದ್ದಾರೆ ಅಂದ್ರು, ಅದನ್ನೂ ಹಾಕ್ಕೊಳ್ಳಲಿಲ್ಲ. ಜಾಡಿಯ ಹುಳ ನೋಡಿದ ಮೇಲೆ ತಿಳೀತು. ನಿಮ್ಮ ಪುಡಿ ಕೊಲ್ತಾ ಇಲ್ಲ. ಲ್ಯಾಬಿನವರು ಬಂದರೆ ಅದು ಬಯಲಾಗ್ತಿತ್ತು."

ಮಾವ ತರಗತಿಯಲ್ಲಿ ಹೇಳುವ ಹಾಗೆ ಶುರು ಮಾಡಿದರು. ಆ ದನಿ ಅವರನ್ನು ಸ್ವಲ್ಪ ದೂರ ಹೊತ್ತುಕೊಂಡು ಹೋಯಿತು.

"ಬೂಸ್ಟನ್ನ ಅಕ್ಕಿಯಿಂದ ಅಕ್ಕಿಗೆ, ಅಕ್ಕಿಯಿಂದ ಅಕ್ಕಿಗೆ ದಾಟಿಸ್ತಾ ಹೋದ್ರೆ ಅದು ಅಕ್ಕಿ ತಿನ್ನೋದನ್ನ ಚೆನ್ನಾಗಿ ಕಲಿಯುತ್ತೆ, ಹುಳ ಕೊಲ್ಲೋದನ್ನ ಮರೆಯುತ್ತೆ. ಆಗಾಗ ಹುಳಕ್ಕೆ ಹತ್ತಿಸಿ, ಸತ್ತ ಹುಳದ ಮೈಯಿಂದ ಹೊಸದಾಗಿ ತಾಯಿ ಬೂಸ್ಟು ತೆಗೀಬೇಕು. ಗಲೀಜು ಕೆಲಸ, ತಿಂಗಳುಗಟ್ಟಲೆ ಹಿಡಿಯುತ್ತೆ. ನಾನು ಮಾಡಲಿಲ್ಲ. ಯಾಕಂದ್ರೆ ಚೀಲ ಹಸಿರಾಗ್ತಾನೇ ಇತ್ತು. ಮೊದಲಿಗಿಂತ ಚೆನ್ನಾಗಿ ಹಸಿರಾಗ್ತಿತ್ತು. ನೋಡೋಕೆ ಬಂದವರೆಲ್ಲ ಹೊಗಳ್ತಿದ್ರು."

"ಹೋದ ವರ್ಷದ ಕಬ್ಬು?"

"ಹುಳ ತಿಂತು. ಅವರು ಬಂದು ಬೈತಾರೆ ಅಂತ ಕಾದೆ. ಬಂದವರು ಏನಂದ್ರು ಗೊತ್ತಾ? 'ನಾವೇ ಪುಡಿ ಸರಿಯಾಗಿ ಬೆರೆಸಲಿಲ್ಲ ಮೇಷ್ಟ್ರೇ, ತಪ್ಪಾಯ್ತು' ಅಂದ್ರು." ಅವರ ಪಾಠದ ದನಿ ಒಡೆಯಿತು. "ಒಬ್ಬರೂ ಬೈಲಿಲ್ಲ ಕಣಮ್ಮ. ಅಲ್ಲ, ತಪ್ಪು ನನ್ನದು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಯಾರೋ ಹಾಳು ಮಾಡಿದ್ರು ಅಂತಾದ್ರೆ, ಹೊಸ ತಾಯಿ ಬೂಸ್ಟು ತರಿಸಿ ಮೊದಲಿಂದ ಶುರು ಮಾಡಬಹುದಿತ್ತು. 'ಯಾರೋ' ಅಂತ ಅಷ್ಟೇ ಯೋಚಿಸಿದ್ದೆ."

"ಆ ಯಾರೋ ಬೀದೀಲಿ ರಕ್ತ ಸುರಿಸ್ಕೊಂಡು ನಿಂತಿದ್ದ ಮಾವ. ನೀವು ನೆಲ ನೋಡಿದ್ರಿ."

"ನೋಡಿದೆ," ಎಂದರು ಮೇಷ್ಟ್ರು.

ಅವಳಿಗೂ ಅದಕ್ಕಿಂತ ಮೇಲೆ ನಿಂತು ಮಾತಾಡುವ ಯೋಗ್ಯತೆ ಇರಲಿಲ್ಲ. ಫೋನು ತೆಗೆದು ಸರ್ಕಲ್ ಇನ್‌ಸ್ಪೆಕ್ಟರಿಗೆ ಹೇಳಿದಳು. ಆರೋಪಿ ನನ್ನ ಮನೆಯಲ್ಲಿದ್ದಾರೆ, ಕೇಸನ್ನು ಬೇರೆಯವರಿಗೆ ಕೊಡಿ. ಇನ್ನೊಂದು ವಿಷಯ, ಬೆಳಿಗ್ಗೆ ಅಂಗಿಯ ವಾಸನೆ ಬಗ್ಗೆ ನಾನು ಬರೆಸಿದ ಹೇಳಿಕೆ ಸುಳ್ಳು, ಅದಕ್ಕೆ ನನ್ನ ಮೇಲೂ ಕ್ರಮ ಆಗಬೇಕು.

* * *

ಮಂಗಳವಾರ ಬೆಳಿಗ್ಗೆ ಪಂಪುವನ್ನು ಬಿಟ್ಟರು. ಅಂಗಡಿಯ ಯಜಮಾನ ಆಗಲೇ ಬೇರೆಯವನನ್ನು ಕೂರಿಸಿದ್ದ. ಪಂಪು ಕೆಲಸ ಕೇಳಲು ಎಲ್ಲಿಗೆ ಹೋಗಿದ್ದ ಎಂಬುದು ಊರಿಗೆಲ್ಲ ತಿಳಿದುಹೋಗಿತ್ತು.

ತಾಯಿ ಮಗನ ಬಾಯಿ ತೆರೆಸಿ ನೋಡಿದಳು.

"ಮೇಡಂ, ನಮ್ಮ ಬೀದೀಲಿ ಒಂದು ಮಾತು ಹೇಳ್ತೀರಾ?" ಎಂದ ಪಂಪು. ಹಲ್ಲಿಲ್ಲದ ಜಾಗದಲ್ಲಿ ಮಾತು ಜಾರುತ್ತಿತ್ತು. "ನಾನು ಹೇಳಿದ್ರೆ ನಂಬಲ್ಲ."

ಅವಳು ಸಮವಸ್ತ್ರದಲ್ಲೇ ಅವರ ಜೊತೆ ನಡೆದಳು. ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರು, ಗಡ್ಡ ಹೆರೆಸಿಕೊಳ್ಳುತ್ತಿದ್ದವನು, ಸೈಕಲ್ಲಿನವರು, ಎಲ್ಲರೂ ತಿರುಗಿದರು. ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇವನು ಏನೂ ಮಾಡಿಲ್ಲ. ಮಾಡಿದವರು ನನ್ನ ಮಾವ. ಇವನ ಮೈಯಲ್ಲಿ ವಾಸನೆ ಇದೆ ಅಂತ ನಾನು ಸುಳ್ಳು ಹೇಳಿದ್ದೆ."

ಒಬ್ಬಳ ಕೊಡ ತುಂಬಿ ಹರಿಯುತ್ತಿತ್ತು, ಅವಳು ನಲ್ಲಿ ನಿಲ್ಲಿಸಲಿಲ್ಲ. ತಾಯಿ ಮಗನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಬೂಸ್ಟಿನ ಮನೆಗೆ ಸಂಘ ಬೀಗ ಹಾಕಿತು. ಹೋದದ್ದು ಇಷ್ಟು. ನುಚ್ಚಕ್ಕಿಯ ಚೀಲ ನಾನೂರ ಹನ್ನೆರಡು. ತಾಯಿ ನಳಿಕೆ ಒಂಬತ್ತು. ಹೋದ ವರ್ಷದ ಕಬ್ಬು ಎಂಬತ್ತು ಎಕರೆ. ಪಂಪು, ನುಚ್ಚಕ್ಕ, ಅವಳ ತಂಗಿ ಸೇರಿ ಮೂರು ಕೆಲಸ. ಹಲ್ಲು ಎರಡು.